ಹನ್ನೆರಡು ಕೋಳಿಯ ಬಾಯಿಲೆಕ್ಕ

ಭೀಮಮ್ಮ: ನಮ್ಮ ನಾಕು ಕೋಳಿ ತಿಮ್ಮವ್ವ ಒಯ್ದಾಳ ಅಂತ ನೀವಽ ಹೇಳೀರಿ. ಈಗ ಹೊಳ್ಳಿ ಹಂಗಲ್ಲ ಅಂದ್ರ ಹ್ಯಾಂಗ್ರಿ ಮಾಸ್ತರ್?

ಮನ್ಸೂರಅಲಿ: ಅದು ನಾ ಹೇಳಿದ್ದಲ್ಲವ್ವ, ಕೇಳಿದ್ದು.

ಭೀಮಮ್ಮ: ಯಾರ ಬಾಯಿಂದ ಕೇಳೀರಿ? ಹೆಸರು ಹೇಳ್ರಿ. ಅವರನ್ನೂ ಇಲ್ಲಿಗಿ ಕರಕೊಂಡು ಬರ್ತೀನಿ.

ಮನ್ಸೂರಅಲಿ: ಕಿವಿಲೆ ಕೇಳಿದ್ದಲ್ಲ ತಾಯಿ. ಬಾಯಿಲೆ ಕೇಳಿದ್ದು. ಈ ಹುಡುಗರಿಗಿ ಕೇಳಿದ್ದು.

ಭೀಮಮ್ಮ: ಮತ್ತ ಹುಡುಗರು ಏನಂದ್ರು?

ಮನ್ಸೂರಅಲಿ: ಎಂಟು ಅಂದ್ರು.

ಭೀಮಮ್ಮ: ನೋಡ್ರಿ. ಹುಡುಗರಿಗೂ ಗೊತ್ತದ. ನನಗೊಬ್ಬಾಕಿಗಿ ಗೊತ್ತಿಲ್ಲ.

ಸುರಪುರದಿಂದ ಎರಡು ಹರದಾರಿ ದೂರದ ಹಳ್ಳಿ. ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿ ಮೂರು ವರ್ಷವಾಗಿತ್ತು. ಎರಡು ಅಂಕಣದ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಉರ್ದುವಿನಲ್ಲಿ ಲೆಕ್ಕ ಕಲಿಸಿದ್ದ ಮನ್ಸೂರಅಲಿ ಮಾಸ್ತರರಿಗೆ, ಇನ್ನು ಮುಂದೆ ಕನ್ನಡದಲ್ಲಿ ಕಲಿಸಬೇಕೆಂದು ಹುಕುಂ ಬಂದಿತ್ತು. ಮಾತಿಗೆ ಅವರದು ಊರಿನ ಎಲ್ಲರದೇ ಕನ್ನಡ. ಅಕ್ಷರವನ್ನು ಮಾತ್ರ ನಲವತ್ತೈದನೆಯ ವಯಸ್ಸಿನಲ್ಲಿ ಒಂದನೆಯ ಇಯತ್ತೆಯ ಮಕ್ಕಳ ಪಕ್ಕದಲ್ಲಿ ಕುಳಿತು ತಿದ್ದಿದ್ದರು. ಪ್ರಾರ್ಥನೆ ಮುಗಿದ ಕೂಡಲೇ ಹತ್ತು ನಿಮಿಷ, ಪಾಟಿ ಬಳಪ ಮುಟ್ಟದೆ ಬಾಯಿಲೆಕ್ಕ ನಡೆಸುವುದು ಅವರ ಹಳೆಯ ರೂಢಿ. ಇವತ್ತು ಆ ಹತ್ತು ನಿಮಿಷ ಶುರುವಾಗುವಷ್ಟರಲ್ಲಿ ಭೀಮಮ್ಮ ತನ್ನ ಒಂಬತ್ತು ವರ್ಷದ ಮಗಳು ಸುಗಲಮ್ಮನ ರಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಒಳಗಿದ್ದ ಇಪ್ಪತ್ತಾರು ಮಕ್ಕಳು, ಇವತ್ತಿನ ಲೆಕ್ಕ ಇದೇ ಇರಬೇಕೆಂದು ಕಿವಿಗೊಟ್ಟು ಕುಳಿತಿದ್ದವು.

ಮನ್ಸೂರಅಲಿ: ಭೀಮಮ್ಮ, ಜರಾ ಸಮಾಧಾನಲೆ ಕೇಳು. ನಿನ್ನಿ ಮುಂಜಾನಿ ನಾ ಹೇಳಿದ್ದು ಇಷ್ಟ. ಭೀಮಮ್ಮನ ಮನ್ಯಾಗ ಹನ್ನೆರಡು ಕೋಳಿ ಇದ್ವು. ನಾಕು ಕೋಳಿ ತಿಮ್ಮವ್ವ ಒಯ್ದಳು. ಉಳಿದದ್ದು ಎಷ್ಟು? ಇದು ಬರೇ ಸವಾಲು.

ಭೀಮಮ್ಮ: ನನಗ ಸವಾಲು ಹಾಕ್ತೀರೇನು?

ಮನ್ಸೂರಅಲಿ: ನಿನಗಲ್ಲವ್ವ. ಲೆಕ್ಕಕ್ಕ ನಾವು ಉರ್ದುದಾಗ ಮೊದಲಿಂದ ಸವಾಲು ಅಂತೀವಿ. ಲೆಕ್ಕ ಅನ್ನು, ಲೆಕ್ಕ.

ಭೀಮಮ್ಮ: ಲೆಕ್ಕ ಅನ್ರಿ, ಸವಾಲು ಅನ್ರಿ. ಉಳಿದದ್ದು ಎಷ್ಟು ಅಂತ ಕೇಳೀರಿ, ಒಯ್ದದ್ದು ಎಲ್ಲಿ ಅದಾವ ಅಂತ ಯಾಕ ಕೇಳಲಿಲ್ಲ?

ಮನ್ಸೂರಅಲಿ: ಲೆಕ್ಕದಾಗ ಅದನ್ನ ಕೇಳಾಂಗಿಲ್ಲ.

ಭೀಮಮ್ಮ: ಕೇಳಬೇಕಾದ್ದು ಬಿಟ್ಟು ಉಳಿದದ್ದು ಕೇಳೋದು. ಎಂಟು ಉಳದಾವ ಅಂತ ನನ್ನ ಮನಿ ನನಗ ತೋರಿಸಿಕೊಡಾಕ ಶಾಲಿ ಯಾಕ ಬೇಕ್ರಿ?

ಮನ್ಸೂರಅಲಿ: ಗರಡ್ಯಾಗ ಪೈಲವಾನ ಕುಸ್ತಿಗಿಂತ ಮೊದಲ ನಾಕು ಬೈಠಕ್ ಹೊಡಿತಾನ ನೋಡು. ಮೈ ಸಡಿಲ ಆಗಲಿ ಅಂತ. ಹಂಗ ಇದು. ದೊಡ್ಡ ಲೆಕ್ಕಕ್ಕ ಕುಂದ್ರೋ ಮೊದಲ ತಲಿ ಸಡಿಲ ಮಾಡೋದು.

ಭೀಮಮ್ಮ: ಪೈಲವಾನ ಬೈಠಕ್ ಹೊಡಿಯುವಾಗ ಮಂದಿ ಕೋಳಿ ಹೆಸರು ತಗೊಳ್ಳಾಂಗಿಲ್ಲ.

ಮಾಸ್ತರರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು.

ಮನ್ಸೂರಅಲಿ: ಉರ್ದು ಇದ್ದಾಗ ಈ ತಾಪತ್ರಯ ಇರಲಿಲ್ಲವ್ವ. ಜೈದ ಅನ್ನಾಂವ ಹತ್ತು ಸೇಬು ತಂದ, ಬಕರ ಅನ್ನಾಂವಗ ನಾಕು ಕೊಟ್ಟ. ಇಪ್ಪತ್ತೆರಡು ವರ್ಷ ಕೊಟ್ಟಽ ಕೊಟ್ಟ. ಒಬ್ಬರೂ ಜಗಳಕ್ಕ ಬರಲಿಲ್ಲ. ಯಾಕಂದ್ರ ಈ ಊರಾಗ ಜೈದನೂ ಇಲ್ಲ, ಸೇಬೂ ಇಲ್ಲ. ಈಗ ಟ್ರೇನಿಂಗ್‌ನ್ಯಾಗ ಹೇಳ್ಯಾರ, ಮಕ್ಕಳು ಕಂಡ ಮಂದಿ, ಕಂಡ ಜಿನಸು ಹಾಕಿ ಲೆಕ್ಕ ಮಾಡಿಸ್ರಿ ಅಂತ. ಸುಗಲಮ್ಮಗ ಕೇಳಿದೆ, ಮನ್ಯಾಗ ಏನು ಸಾಕೀರಿ? ಕೋಳಿ ಅಂದಳು. ಎಷ್ಟು? ಅವ್ವ ಹನ್ನೆರಡು ಅಂತಾಳ ಅಂದಳು. ಬಾಜು ಮನಿ ಯಾರದು? ತಿಮ್ಮವ್ವಂದು ಅಂದಳು. ಹಾಕಿದೆ.

ಭೀಮಮ್ಮ: ಹಾಕೋದು ಹಾಕಿದ್ರಿ, ನಾ ನಾಕು ಕೊಟ್ಟೆ ಅಂತ ಹಾಕಬೇಕಿತ್ತು. ಆಕಿ ಒಯ್ದಳು ಅಂತ ಯಾಕ ಹಾಕಿದ್ರಿ?

ಮನ್ಸೂರಅಲಿ: ಕೊಟ್ರೂ ಎಂಟ, ಒಯ್ದ್ರೂ ಎಂಟ.

ಭೀಮಮ್ಮ: ನಿಮಗ ಎಂಟು. ನಮಗ ಓಣಿ ಹೊತ್ತಿ ಉರದಾದ.

ಮನ್ಸೂರಅಲಿ: ಅಂದ್ರ? ಆಕಿಗಿ ಏನರೆ ಅಂದಿಯೇನು?

ಭೀಮಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಉತ್ತರ ಮಗಳಿಂದ ಬಂತು.

ಸುಗಲಮ್ಮ: ನಿನ್ನಿ ಸಂಜಿಕ ಅವ್ವ ಗ್ವಾಡಿ ಏರಿ ನಿಂತು ಕಳ್ಳಿ ಅಂದಳ್ರಿ. ತಿಮ್ಮವ್ವಾಯಿ ಏನೂ ಅನ್ನಲಿಲ್ಲ. ಒಳಗ ಹೋಗಿ ಬಾಗಲಾ ಹಾಕ್ಕೊಂಡಳು. ಒಲಿ ಹಚ್ಚಲಿಲ್ರಿ.

ಮಾಸ್ತರರ ಮುಖ ಇಳಿಯಿತು. ತಾನು ಹೇಳಿದ ಒಂದು ಲೆಕ್ಕದಿಂದ ಒಂದು ಮನೆಯ ಒಲೆ ಹೊತ್ತಲಿಲ್ಲ ಎಂಬುದು ಅವರಿಗೆ ತಡೆಯಲಾಗಲಿಲ್ಲ. ಜೊತೆಗೆ ಇನ್ನೊಂದು ಹೆದರಿಕೆಯೂ ಇತ್ತು. ಉರ್ದು ಕಾಲದ ಮಾಸ್ತರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ನೋಡಲು ಮುಂದಿನ ವಾರ ಇನ್ಸ್‌ಪೆಕ್ಟರ್ ಬರುವವರಿದ್ದರು.

ಮನ್ಸೂರಅಲಿ: ಭೀಮಮ್ಮ, ಇಷ್ಟು ವರ್ಷದ ಬಾಜು ಮನಿ. ಒಂದು ಮಾತು ನನ್ನ ಹಂತ್ಯಾಕ ಬಂದು ಕೇಳಬಾರದಾ?

ಭೀಮಮ್ಮ: ಯಾಕ ಕೇಳಲಿ? ಈಕಿ ಮನಿಗಿ ಬಂದು ಹೇಳಿದಳು. ನಾ ನಂಬಲಿಲ್ಲ. ಆಮ್ಯಾಲ ಈಕಿನಽ ಕೋಳಿಗೂಡಿನ್ಯಾಗ ತಲಿ ಹಾಕಿ ಎಣಿಸಿದಳು. ಎಂಟಽ ಇದ್ವು. ಹೊರಗ ಬಂದು, ಮಾಸ್ತರು ಹೇಳಿದ ಲೆಕ್ಕ ಬರೋಬ್ಬರಿ ಅದ ಅವ್ವಾ ಅಂದಳು. ಇನ್ನೇನು ಕೇಳೋದು?

ಮನ್ಸೂರಅಲಿ: ಏನು, ಖರೇನಽ ಎಂಟು ಅದಾವ?

ಭೀಮಮ್ಮ: ಮತ್ತ ನಾ ಸುಳ್ಳು ಸುಳ್ಳು ಗ್ವಾಡಿ ಏರ್ತೀನೇನು?

ಮನ್ಸೂರಅಲಿ: ಯಾ ಅಲ್ಲಾ. ಅವ್ವಾ, ನಾಕು ಅನ್ನೋದು ನಾ ಸುಮ್ಮ ಹಾಕಿದ್ದು. ಐದೂ ಹಾಕಬಹುದಿತ್ತು, ಮೂರೂ ಹಾಕಬಹುದಿತ್ತು.

ಭೀಮಮ್ಮ: ಹಾಕಲಿಲ್ಲಲ್ಲ. ನಾಕಽ ಹಾಕಿದ್ರಿ.

ಮಾಸ್ತರರು ತಿರುಗಿ ಮಕ್ಕಳ ಮುಂದೆ ನಿಂತರು.

ಮನ್ಸೂರಅಲಿ: ಎಲ್ಲಾರೂ ಕೇಳ್ರಿ. ನಿನ್ನಿ ಲೆಕ್ಕ ಸುಳ್ಳು. ತಿಮ್ಮವ್ವ ಯಾರ ಕೋಳಿನೂ ಒಯ್ದಿಲ್ಲ. ಹನ್ನೆರಡರಾಗ ಏನೂ ಹೋಗಿಲ್ಲ. ಉಳಿದದ್ದು ಹನ್ನೆರಡು.

ಸುಗಲಮ್ಮ: ಇಲ್ರಿ. ಎಂಟ ಅದಾವ್ರಿ. ಎರಡು ಸಲ ಎಣಿಸೀನಿ.

ಮನ್ಸೂರಅಲಿ: ನೀ ಜರಾ ಸುಮ್ಮನಿರವ್ವ.

ಭೀಮಮ್ಮ: ಯಾಕ ಸುಮ್ಮನಿರಬೇಕು? ಲೆಕ್ಕ ಬಂದಾಕಿಗಿ ಸುಮ್ಮನಿರು ಅಂತೀರಿ. ಸಾಕಾತು ಈ ವಿದ್ಯಾ. ನಾಳಿಂದ ಈಕಿ ಶೇಂಗಾದ ಹೊಲಕ್ಕ ಕಳಿ ತಗ್ಯಾಕ ಬರ್ತಾಳ. ಶಾಲಿಗಿ ಬರಾಂಗಿಲ್ಲ.

ಸುಗಲಮ್ಮ ತಾಯಿಯ ಕೈಯಿಂದ ರಟ್ಟೆ ಬಿಡಿಸಿಕೊಂಡು ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬೆಳಗಿನ ಆ ಹತ್ತು ನಿಮಿಷಕ್ಕಾಗಿಯೇ ಅವಳು ಓಡುತ್ತ ಶಾಲೆಗೆ ಬರುವುದು. ಪುಸ್ತಕ ಹಿಡಿದರೆ ತೂಕಡಿಸುವ ಹುಡುಗಿ ಬಾಯಿಲೆಕ್ಕದಲ್ಲಿ ಯಾರನ್ನೂ ಮುಂದೆ ಹೋಗಗೊಡುತ್ತಿರಲಿಲ್ಲ. ಮಾಸ್ತರರು ಏನೋ ಹೇಳಬೇಕೆನ್ನುವಷ್ಟರಲ್ಲಿ ಅಂಗಳದಲ್ಲಿ ತಿಮ್ಮವ್ವ ಕಾಣಿಸಿದಳು. ಅರವತ್ತರ ಹತ್ತಿರದ ಒಂಟಿ ಹೆಂಗಸು. ತಲೆಯ ಮೇಲೆ ಅರಿವೆ ಮುಚ್ಚಿದ ಬುಟ್ಟಿ. ಭೀಮಮ್ಮನ ಕಡೆ ತಿರುಗಿಯೂ ನೋಡದೆ ಒಳಗೆ ಬಂದು ಬುಟ್ಟಿ ಇಳಿಸಿದಳು.

ತಿಮ್ಮವ್ವ: ಮಾಸ್ತರ್, ನಾಕು ಅಂದೋರು ನೀವಽ ಏನ್ರಿ?

ಮನ್ಸೂರಅಲಿ: ನಾನಽ ಅವ್ವಾ. ತಪ್ಪಾತು. ಸುಮ್ಮ ಲೆಕ್ಕಕ್ಕ ಅಂತ...

ತಿಮ್ಮವ್ವ: ಅದಿರಲಿ. ನಾಕು ಅಂತ ನಿಮಗ ಹ್ಯಾಂಗ ಗೊತ್ತಾತು?

ಮನ್ಸೂರಅಲಿ: ಏನಂದಿ?

ತಿಮ್ಮವ್ವ: ನಾಕಽ ಅದಾವ. ನನ್ನ ಹಿತ್ತಲದಾಗ. ತಿಂಗಳ ಮ್ಯಾಲಾತು. ನಮ್ಮ ಓಣ್ಯಾಗ ಒಬ್ಬರಿಗೂ ಗೊತ್ತಿಲ್ಲ. ಶಾಲಿ ಬಿಟ್ಟು ಹೊರಗ ಬರದ ನಿಮಗ ಗೊತ್ತಾದ್ದು ಹ್ಯಾಂಗ ಅಂತ ಕೇಳಾಕ ಬಂದೀನಿ.

ಹಿಂದಿನ ಸಾಲಿನಲ್ಲಿದ್ದ ಇಬ್ಬರು ಮಕ್ಕಳು ಮಾಸ್ತರರಿಗೆ ಮೆಲ್ಲಗೆ ಕೈಮುಗಿದರು.

ಭೀಮಮ್ಮ: ಕೇಳಿದ್ರಿಲ್ಲ? ಆಕಿ ಬಾಯಿಲಿಂದನಽ ಬಂತು.

ತಿಮ್ಮವ್ವ: ಬರಲಿ. ನಾ ಮುಚ್ಚಿಟ್ಟಿಲ್ಲ. ನಿನ್ನ ಕೋಳಿಗೂಡಿನ ಬಾಗಲಾ ಮುರದು ಎಷ್ಟು ದಿನ ಆತು? ಕತ್ತಲಾತಂದ್ರ ನಾಕು ಕೋಳಿ ಗ್ವಾಡಿ ಹಾರಿ ನನ್ನ ಹಿತ್ತಲಕ್ಕ ಬರ್ತಿದ್ವು. ನಾ ಹೊಡದು ಓಡಿಸಲೇನು?

ಭೀಮಮ್ಮ: ಹೇಳಬೇಕಿತ್ತು.

ತಿಮ್ಮವ್ವ: ಹೇಳಾಕ ಬಂದಿದ್ದೆ. ನೀ ಮಾತು ಬಿಟ್ಟಿದ್ದಿ.

ಭೀಮಮ್ಮ: ನಾನು? ಯಾಕ ಬಿಟ್ಟಿದ್ದೆ?

ತಿಮ್ಮವ್ವ: ನನಗೇನು ಗೊತ್ತು? ಬಿಟ್ಟಾಕಿ ನೀನು.

ಭೀಮಮ್ಮ: ಏನೋ ಇತ್ತು. ಹಿಟ್ಟು ಸೋಸೋ ಸಾಣಗಿ ಒಯ್ದಾಕಿ ಹೊಳ್ಳಿ ಕೊಟ್ಟಿರಲಿಲ್ಲ ನೀ.

ತಿಮ್ಮವ್ವ: ಮರುದಿನಾನಽ ಕೊಟ್ಟೀನಿ.

ಸುಗಲಮ್ಮ: ಹೌದವ್ವಾ, ನನ್ನ ಕೈಯಾಗ ಕೊಟ್ಟಾಳ. ಬಾಗಲ ಹಿಂದ ಅದ.

ಭೀಮಮ್ಮ ಮಗಳನ್ನು ಒಮ್ಮೆ ನೋಡಿದಳು. ತಿಮ್ಮವ್ವ ಬುಟ್ಟಿಯ ಮೇಲಿನ ಅರಿವೆ ತೆಗೆದಳು. ಒಳಗೆ ಅರಿಸಿನದ ಉಂಡೆಗಳಂಥ ಕೋಳಿಮರಿಗಳು ಚಿಂವ್ ಚಿಂವ್ ಎನ್ನುತ್ತ ಒಂದರ ಮೇಲೊಂದು ಬಿದ್ದವು. ಮಕ್ಕಳ ಸಾಲು ಒಡೆದು ಬುಟ್ಟಿಯ ಸುತ್ತ ಸೇರಿತು.

ತಿಮ್ಮವ್ವ: ನಿನ್ನ ಕೋಳಿ ನನ್ನ ಹಿತ್ತಲದಾಗ ತತ್ತಿ ಇಟ್ವು. ಒಂದು ತತ್ತಿ ನಾ ಬಾಯಾಗ ಹಾಕ್ಕೊಂಡಿಲ್ಲ. ನನ್ನ ಮನಿ ಕೋಳಿನ ಕಾವಿಗಿ ಕುಂದ್ರಿಸಿದೆ. ಮರಿ ಆಗಲಿ, ಬುಟ್ಟಿ ಹೊತಗೊಂಡು ಹೋಗಿ ಕೊಟ್ರ ಆಗರೆ ಮಾತಾಡ್ತಾಳ ಅಂತ ದಾರಿ ನೋಡಿದೆ. ಮೊನ್ನಿ ಮರಿ ಆದ್ವು. ನಿನ್ನಿ ನೀ ಕಳ್ಳಿ ಅಂದಿ.

ಭೀಮಮ್ಮ ಬಾಗಿಲು ಬಿಟ್ಟು ಒಳಗೆ ಬಂದು ತಿಮ್ಮವ್ವನ ಎದುರು ನಿಂತಳು.

ಭೀಮಮ್ಮ: ಯಕ್ಕಾ, ಬಾಯಿ ಜಾರ್ತು.

ತಿಮ್ಮವ್ವ: ಜಾರಲಿಲ್ಲ. ಗ್ವಾಡಿ ಏರಿ ನಿಂತಿತ್ತು.

ಭೀಮಮ್ಮ: ಅದಽ ಗ್ವಾಡಿ ಏರಿ ಇವತ್ತು ಹೇಳ್ತೀನಿ. ನನ್ನದು ತಪ್ಪು, ತಿಮ್ಮಕ್ಕ ಬಂಗಾರದಂಥಾಕಿ ಅಂತ.

ತಿಮ್ಮವ್ವ: ಒಂದು ಸಲ ಹೇಳಿ ಇಳದ್ರ ನಡ್ಯಾಂಗಿಲ್ಲ. ನಿನ್ನಿ ಕಳ್ಳಿ ಅಂತ ಎಷ್ಟು ಸಲ ಅಂದಿ?

ಭೀಮಮ್ಮ: ಸಿಟ್ಟಿನ್ಯಾಗ ಯಾರು ಎಣಿಸ್ತಾರ ಯಕ್ಕಾ? ಎರಡೋ ಮೂರೋ.

ಸುಗಲಮ್ಮ: ಒಂಬತ್ತು.

ಭೀಮಮ್ಮ: ನೀ ಯಾಕ ಎಣಿಸಿದಿ?

ಸುಗಲಮ್ಮ: ಬೇಕಂತ ಎಣಿಸಲಿಲ್ಲವ್ವ. ಕಿವಿಗಿ ಬಿದ್ದಂಗ ಎಣಿಕಿ ಆಗಿಬಿಡ್ತದ.

ತಿಮ್ಮವ್ವ: ಒಂಬತ್ತು ಸಲ ಹೇಳಬೇಕು. ಈ ಹುಡುಗಿ ನನ್ನ ಬಾಜು ನಿಂತು ಎಣಿಸ್ಲಿ. ಮಾಸ್ತರ್, ಬರುವಾಗ ಅಂಗಳದಾಗ ಕೇಳಿದೆ, ಈಕಿನ್ನ ಶಾಲಿ ಬಿಡಿಸಬ್ಯಾಡ್ರಿ. ಓಣ್ಯಾಗ ಇಂಥಾಕಿ ಒಬ್ಬಾಕಿ ಇರಬೇಕು.

ಮನ್ಸೂರಅಲಿ: ಬಿಡಸಾಕತ್ತಾಂವ ನಾನಲ್ಲವ್ವ, ಅವರವ್ವ.

ಭೀಮಮ್ಮ: ಯಾರು ಬಿಡಸ್ತಾರ? ಶೇಂಗಾ ಎಲ್ಲಿಗೂ ಓಡಿ ಹೋಗಾಂಗಿಲ್ಲ. ಒಳಗ ನಡಿಯೇ, ಬಾಗಲದಾಗ ಯಾಕ ನಿಂತೀದಿ?

ಸುಗಲಮ್ಮ ಚೌಕಟ್ಟು ಬಿಟ್ಟು ತನ್ನ ಜಾಗದಲ್ಲಿ ಹೋಗಿ ಕುಳಿತಳು. ಭೀಮಮ್ಮ ಬುಟ್ಟಿಯ ಬಳಿ ಕುಕ್ಕರುಗಾಲಲ್ಲಿ ಕುಳಿತು ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ಒಟ್ಟು ಹನ್ನೊಂದು ಮರಿ.

ಭೀಮಮ್ಮ: ಆರು ನೀ ಇಟ್ಕೊ ಯಕ್ಕಾ. ಕಾವು ನಿನ್ನ ಕೋಳಿದು.

ತಿಮ್ಮವ್ವ: ಆರು ನೀ ಒಯ್ಯಿ. ತತ್ತಿ ನಿನ್ನ ಕೋಳಿದು.

ಭೀಮಮ್ಮ: ನಾ ಅಂದದ್ದು ನಿನಗ ಇನ್ನೂ ಮನಸಿನ್ಯಾಗ ಅದ. ಅದಕ್ಕಽ ಒಲ್ಲೆ ಅಂತಿ.

ತಿಮ್ಮವ್ವ: ಮನಸಿನ್ಯಾಗ ಇದ್ರ ಬುಟ್ಟಿ ಹೊತಗೊಂಡು ಬರ್ತಿದ್ದೆನೇನು? ನೀ ಮತ್ತ ಶುರು ಮಾಡಬ್ಯಾಡ.

ಭೀಮಮ್ಮ: ಶುರು ಮಾಡಿದಾಕಿ ನಾನಾ?

ಮಾಸ್ತರರು ಅವಸರದಿಂದ ಚಪ್ಪಾಳೆ ತಟ್ಟಿದರು. ಬಾಯಿಲೆಕ್ಕ ಶುರುವಾಗುವ ಗುರುತು ಅದು. ಮಕ್ಕಳೆಲ್ಲ ಬುಟ್ಟಿ ಬಿಟ್ಟು ಸಾಲಾಗಿ ಕುಳಿತರು.

ಮನ್ಸೂರಅಲಿ: ಹನ್ನೊಂದು ಮರಿ. ಇಬ್ಬರಿಗಿ ಸಮನಾಗಿ ಹಂಚಬೇಕು. ಒಬ್ಬೊಬ್ಬರಿಗಿ ಎಷ್ಟು?

ಮಕ್ಕಳು: ಐದು ರಿ. ಒಂದು ಉಳಿತದ್ರಿ.

ತಿಮ್ಮವ್ವ: ಉಳಿದದ್ದು ಮಾಸ್ತರಗ.

ಭೀಮಮ್ಮ: ಹೌದು, ಮಾಸ್ತರಗ. ಇದೊಂದು ಬರೋಬ್ಬರಿ ಮಾತಾಡಿದಿ ಯಕ್ಕಾ.

ಮನ್ಸೂರಅಲಿ: ನನಗ ಬ್ಯಾಡ. ಇನ್ಸ್‌ಪೆಕ್ಟರ್ ಸಾಹೇಬರ ಕಿವಿಗಿ ಬಿದ್ರ? ಮಾಸ್ತರ ಲೆಕ್ಕ ಹೇಳಿ ಹೇಳಿ ಓಣಿ ಕೋಳಿ ಎಲ್ಲಾ ತನ್ನ ಮನಿಗಿ ಸಾಗಿಸ್ಯಾನ ಅಂತ ಬರಕೊಂಡು ಹೋಗ್ತಾರ.

ತಿಮ್ಮವ್ವ: ಹಂಗಾದ್ರ ಆ ಒಂದು ಮರಿ ಯಾರಿಗಿ?

ಭೀಮಮ್ಮ: ನಿನಗ.

ತಿಮ್ಮವ್ವ: ನನಗ್ಯಾಕ, ನಿನಗ.

ಸುಗಲಮ್ಮ ಎದ್ದು ನಿಂತು ಕೈ ಎತ್ತಿದಳು.

ಮನ್ಸೂರಅಲಿ: ಹೇಳು ಸುಗಲಮ್ಮ. ನಿನ್ನ ಲೆಕ್ಕ ಏನದ?

ಸುಗಲಮ್ಮ: ಇವತ್ತು ಯಾರಿಗೂ ಹಂಚಬ್ಯಾಡ್ರಿ. ಹದ್ದು ಇನ್ನೂ ಬಂದಿಲ್ಲ. ಅದು ತನ್ನ ಪಾಲು ಒಯ್ದ ಮ್ಯಾಲ ನಾ ಎಣಿಸಿ ಹೇಳ್ತೀನಿ.