ಗೋದಾಮಿಗೆ ಬಿದ್ದ ಸೂರ್ಯ

ಸೂರ್ಯನ ಮೇಲೆ ಕಣ್ಣಿಡುವ ಜವಾಬ್ದಾರಿಯನ್ನು ನನಗೆ ಯಾರೂ ವಹಿಸಿರಲಿಲ್ಲ. ನಾನೇ ವಹಿಸಿಕೊಂಡೆ.

ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ನಾನಾಗ ಹೊಸ ರೈಟರ್. ಹಾಜರಿ ಬರೆಯುವುದು, ಗೋದಾಮು ಕಾಯುವುದು ನನ್ನ ಕೆಲಸ. ಕಂಡವರ ದನಿ ಅಣಕಿಸುವುದು ನನ್ನ ರೋಗ. ಗೋದಾಮಿನಲ್ಲಿ ಕಳೆದ ವರ್ಷ ಒಣಗಿಸಿದ ಕಾಫಿಹಣ್ಣಿನ ಮೂಟೆಗಳಿದ್ದವು. ಮಾಲೀಕರಾದ ಗೌಡ್ರು ಮೊದಲ ದಿನವೇ ಹೇಳಿದ್ದರು: "ದಿನಾ ಮೂಟೆ ಬಿಚ್ಚಿ ನೋಡು ಮಾರಾಯ. ಇದು ಹಾಳಾದ್ರೆ ನಿನ್ನ ರೈಟರ್ ಕೆಲ್ಸಾನೂ ಹಾಳು."

ಎರಡು ಸಾವಿರದ ಮೂರರ ದೀಪಾವಳಿ ಹೊತ್ತಿಗೆ ಪತ್ರಿಕೆಯಲ್ಲಿ ಓದಿದೆ: ಸೂರ್ಯನ ಮೇಲೆ ಕಪ್ಪು ಕಲೆಗಳು ಹೆಚ್ಚಿವೆ, ದಿನದಿನಕ್ಕೂ ಜಾಗ ಬದಲಿಸುತ್ತವೆ, ಅಲ್ಲಿ ಬಿರುಗಾಳಿ ಎದ್ದರೆ ಇಲ್ಲಿ ರೇಡಿಯೊ ಸ್ತಬ್ಧವಾಗಬಹುದು. ಗೋದಾಮಿನ ತಗಡಿನಲ್ಲಿ ಮೊಳೆಯ ತೂತೊಂದಿತ್ತು. ಬೆಳಗ್ಗೆ ಅದರಿಂದ ರೂಪಾಯಿಯಗಲದ ಸೂರ್ಯ ಮೂಟೆಗಳ ಪಕ್ಕ ನೆಲಕ್ಕೆ ಬೀಳುತ್ತಿದ್ದ. ಅಲ್ಲಿ ಬಿಳಿ ಕಾಗದ ಹಾಸಿದೆ. ಬೆಳಕಿನ ಬಿಲ್ಲೆಯಲ್ಲಿ ಎರಡು ಕಪ್ಪು ಚುಕ್ಕೆ!

ಮರುದಿನ ಐದು. ಅದರ ಮರುದಿನ ಹನ್ನೊಂದು. ನೋಡುತ್ತಾ ನಿಂತರೆ ಅಲುಗುತ್ತಿರಲಿಲ್ಲ; ಬೆನ್ನು ತಿರುಗಿಸಿ ಬಂದರೆ ಬೇರೆ ಜಾಗದಲ್ಲಿರುತ್ತಿದ್ದವು. ಗೋದಾಮಿನ ಕತ್ತಲಲ್ಲಿ ಅವೇ ನನ್ನನ್ನು ಎಣಿಸುತ್ತಿವೆ ಅನಿಸಿತು. ಮೂಟೆ ಬಿಚ್ಚುವ ಮಾತಿರಲಿ, ಎಣಿಸಿದವನೇ ಓಡಿಬಿಡುತ್ತಿದ್ದೆ.

ಹಾಜರಿಯ ಹೊತ್ತಿಗೆ ಮಾತ್ರ ವಾರ್ತೆ ಓದುವವರ ದನಿ ತೆಗೆಯುತ್ತಿದ್ದೆ. "ಸೌರ ಚಟುವಟಿಕೆ ತೀವ್ರವಾಗಿದೆ. ಭೂಮಿಯ ಕಾಂತಕ್ಷೇತ್ರ ಕದಡಲಿದೆ. ಇಂದು ತೂಕದ ಹೊತ್ತಿಗೆ ರೇಡಿಯೊ ಮೌನವಾಗುವ ಸಂಭವವಿದೆ."

"ರೇಡಿಯೊ ಇರ್ಲಿ, ನೀವು ಯಾವಾಗ ಮೌನ ಆಗ್ತೀರಿ ರೈಟ್ರೇ?" ಎಂದ ಒಂದು ಬೆಳಗ್ಗೆ ಮೇಸ್ತ್ರಿ ಮಂಜಪ್ಪ.

ಅದೇ ಸಂಜೆ ಕಣದಲ್ಲಿ ಆ ದಿನ ಕೊಯ್ದ ಹಣ್ಣು ತೂಗುತ್ತಿದ್ದೆವು. ಮಂಜಪ್ಪನ ರೇಡಿಯೊ ಶಾರ್ಟ್‌ವೇವ್‌ನಲ್ಲಿ ಹಾಡುತ್ತಿತ್ತು. ಹಾಡು ತೆಳುವಾಗುತ್ತಾ ಹೋಯಿತು, ಹಾಡುವವರು ಬಾವಿಗೆ ಇಳಿಯುತ್ತಿರುವಂತೆ. ಆಮೇಲೆ ಬರೀ ಉಸಿರಿನಂಥ ಸದ್ದು. ಮಂಜಪ್ಪ ರೇಡಿಯೊದ ಮುಳ್ಳು ತಿರುಗಿಸಿದ. ಎಲ್ಲ ಕಡೆ ಅದೇ ಉಸಿರು. ಬಿಸಿಲಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ತೂಕಕ್ಕೆ ಸಾಲಿನಲ್ಲಿ ನಿಂತ ಹೆಂಗಸರೆಲ್ಲ ತಿರುಗಿ ನನ್ನನ್ನೇ ನೋಡಿದರು.

"ಏನ್ ಮಾಡಿದ್ರಿ ರೈಟ್ರೇ?" ಮಂಜಪ್ಪ ರೇಡಿಯೊ ಬಿಟ್ಟು ಹಿಂದೆ ಸರಿದ.

ಉತ್ತರಿಸಲು ಬಾಯಿ ತೆರೆದೆ. ಗಾಬರಿಯಲ್ಲಿ ನನ್ನ ದನಿಯೇ ಸಿಗಲಿಲ್ಲ. ಹೊರಬಂದದ್ದು ಗೌಡ್ರ ದನಿ: "ಎಲ್ರೂ ಮನೆಗೆ ಹೋಗಿ. ಇವತ್ತಿಗೆ ಕೆಲ್ಸ ಸಾಕು."

"ನಾನ್ಯಾವಾಗ ಹಾಗಂದೆ?" ಎಂದಿತು ಅದೇ ದನಿ, ನನ್ನ ಬೆನ್ನ ಹಿಂದಿನಿಂದ. ಅದು ಅಸಲು.

ಎಲ್ಲವನ್ನೂ ಒಪ್ಪಿಕೊಂಡು ಗೌಡ್ರನ್ನು ಗೋದಾಮಿಗೆ ಕರೆದೊಯ್ದೆ. ಸೂರ್ಯ ಆಚೆ ಬದಿಗೆ ಸರಿದಿದ್ದ, ತೂತಿನಲ್ಲಿ ಬೆಳಕಿರಲಿಲ್ಲ. ಗೌಡ್ರು ಟಾರ್ಚ್ ಬಿಟ್ಟರು. ಸೂರ್ಯನಿಲ್ಲದ ಕಾಗದದ ಮೇಲೆ ಚುಕ್ಕೆಗಳು ಹಾಗೇ ಇದ್ದವು. ನಾನು ಬಾಗಿಲು ಹಿಡಿದುಕೊಂಡೆ.

ಗೌಡ್ರು ಬಗ್ಗಿ ಒಂದು ಚುಕ್ಕೆಯನ್ನು ಬೆರಳಿಗೆ ತೆಗೆದುಕೊಂಡು ಕಾದರು. ಚುಕ್ಕೆ ನಡೆಯಿತು.

"ಸೂರ್ಯಂಗೆ ಕಾಲು ಬಂದಿದೆ ಮಾರಾಯ," ಎಂದರು. "ಬೋರರ್ ಇದು, ಕಾಫಿಕಾಯಿ ಕೊರೆಯೋ ಹುಳ. ಹತ್ರ ಹೋದ್ರೆ ಸತ್ತಂಗೆ ಬಿದ್ಕೊಳ್ತದೆ. ಮೂಟೆ ಬಿಚ್ಚಿ ನೋಡಿದ್ಯಾ?"

ನೋಡಿರಲಿಲ್ಲ. ಬಿಚ್ಚಿದಾಗ ಒಳಗೆ ಇಡೀ ಬ್ರಹ್ಮಾಂಡವೇ ಹರಿದಾಡುತ್ತಿತ್ತು.

ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಬಂತು: ಆ ಸಂಜೆ ಸೂರ್ಯನಲ್ಲಿ ನಿಜಕ್ಕೂ ಭಾರೀ ಸ್ಫೋಟವಾಗಿತ್ತಂತೆ. ಪತ್ರಿಕೆ ಹಿಡಿದು ಗೌಡ್ರ ಮುಂದೆ ಎದೆಯುಬ್ಬಿಸಿ ನಿಂತೆ.

"ಸರಿ, ಸೂರ್ಯ ಅವನ ಕೆಲ್ಸ ಮಾಡಿದಾನೆ," ಎಂದರು. "ನಿಂದು?"

ಆ ಸುಗ್ಗಿ ಮುಗಿಯುವವರೆಗೂ ಗಿಡದ ಬುಡದಲ್ಲಿ ಉದುರಿದ ಹುಳುಕು ಕಾಯಿ ಹೆಕ್ಕಿದೆ. ಹಾಜರಿ ಪುಸ್ತಕ ಮಂಜಪ್ಪನ ಕೈಗೆ ಹೋಯಿತು. ದಿನಾ ಬೆಳಗ್ಗೆ ಅವನು ಎಲ್ಲರೆದುರು ಥೇಟ್ ನನ್ನ ದನಿಯಲ್ಲಿ ಓದುತ್ತಿದ್ದ: "ಸೌರ ಚಟುವಟಿಕೆ ಶಾಂತವಾಗಿದೆ. ಮಾಜಿ ರೈಟ್ರು ಬಗ್ಗಿದ್ದಾರೆ."

ನನ್ನ ದನಿ ನನಗಿಂತ ಅವನಿಗೇ ಚೆನ್ನಾಗಿ ಬರುತ್ತಿತ್ತು.