ಕ್ಯಾಲೆಂಡರ್ ಹೊದ್ದ ಕಾದಂಬರಿ

ಎಲ್ಲಕ್ಕೂ ಮೂಲ ಅಕ್ಕಿ ಅಂಗಡಿಯವರು ಕೊಟ್ಟ ಹಳೇ ಕ್ಯಾಲೆಂಡರು. ಅದರಲ್ಲಿ ತಿಂಗಳಿಗೊಂದು ದೇವರಿರಲಿಲ್ಲ, ಹನ್ನೆರಡು ತಿಂಗಳೂ ಚಾಮುಂಡಿಯೇ. ವರ್ಷ ಮುಗಿಯಿತು ಅಂತ ತಾಯಿಯನ್ನು ಕಸಕ್ಕೆ ಹಾಕುವುದುಂಟೇ? ಪುಟ್ಟಣ್ಣ ಒಂದು ಹಾಳೆ ಕಿತ್ತು ತನ್ನ ದೇವಿ ಕತೆಯ ಪುಸ್ತಕಕ್ಕೆ ಹೊದಿಸಿದ. ಮೊಮ್ಮಗಳು ಸಿಂಚನ ಇನ್ನೊಂದು ಹಾಳೆ ಕಿತ್ತು ತನ್ನ ಕಾದಂಬರಿಗೆ ಹೊದಿಸಿದಳು.

ಅವಳ ಹೊದಿಕೆಗೆ ಬೇರೆ ಕಾರಣವಿತ್ತು. ಈಗಿನ ಹುಡುಗಿಯರ ಕಷ್ಟಸುಖ ಹೇಳುವ ಕಾದಂಬರಿಗಳೆಂದರೆ ಅವಳಿಗೆ ಪ್ರಾಣ. ಅಮ್ಮ ಪವಿತ್ರಳಿಗೆ ಅವನ್ನು ಕಂಡರೆ ಉರಿ. “ಎಸ್ಸೆಲ್ಸಿ ಹುಡ್ಗಿ ಇಂಥದ್ದೆಲ್ಲ ಓದಿದ್ರೆ ತಲೆ ಕೆಡುತ್ತೆ ಕಣೇ, ಗಣಿತ ಓದು” ಎನ್ನುತ್ತಾ ದಿನಾ ಬ್ಯಾಗು ತಪಾಸಣೆ ಮಾಡುತ್ತಿದ್ದಳು. ದೇವಿ ಪಟ ಹೊದ್ದ ಪುಸ್ತಕ ಸಿಕ್ಕರೆ ಮಾತ್ರ ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟು, ಮಧ್ಯಾಹ್ನವೆಲ್ಲ ಅದರ ಮುಂದೆ ಕೂರುತ್ತಿದ್ದಳು. ಹೀಗೆ ಗೂಡಿನಲ್ಲಿ ಇಬ್ಬರು ಚಾಮುಂಡಿಯರು ಒಬ್ಬರ ಮೇಲೊಬ್ಬರು ಮಲಗಿದ್ದರು.

ಅವತ್ತು ಆಷಾಢದ ಕೊನೇ ಶುಕ್ರವಾರ. ಚಾಮುಂಡಿ ಬೆಟ್ಟದ ನೂಕುನುಗ್ಗಲಿಗೆ ಹೆದರಿದ ಅಗ್ರಹಾರದ ಹೆಂಗಸರೆಲ್ಲ ಆ ತಿಂಗಳ ಶುಕ್ರವಾರಗಳ ಸಂಜೆ ಮಹದೇವಮ್ಮನ ಮನೆ ಜಗಲಿಯಲ್ಲಿ ಸೇರುತ್ತಿದ್ದರು. ಅಲ್ಲಿ ದೇವಿ ಕತೆ ಓದುವುದು ಪುಟ್ಟಣ್ಣನ ಕೆಲಸ. ಕೊನೇ ಶುಕ್ರವಾರ ಓದಿದವರಿಗೆ ಮಹದೇವಮ್ಮ ಜರಿ ಶಾಲು ಹೊದಿಸುವುದು ವಾಡಿಕೆ. ರಿಟೈರಾಗಿ ಮನೆಯಲ್ಲಿ ಕೂತಿದ್ದ ಶಿವಪ್ರಕಾಶರಿಗೆ ಆ ಶಾಲಿನ ಮೇಲೂ ಪುಟ್ಟಣ್ಣನ ಮಣೆಯ ಮೇಲೂ ಬಹಳ ದಿನದ ಕಣ್ಣು.

ಪುಟ್ಟಣ್ಣನಿಗೆ ಓದಲು ಬರುತ್ತಿರಲಿಲ್ಲ ಎನ್ನುವುದು ಸಿಂಚನಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಕ್ಲಾಸಿಗೇ ಸ್ಲೇಟು ಒಡೆದು ಹೂವಿನ ಬುಟ್ಟಿ ಹೊತ್ತವನು ಅವನು. ಅವ್ವನ ಮಗ್ಗುಲಲ್ಲಿ ಕೂತು ಕೇಳಿ ಕೇಳಿ ಇಡೀ ಕತೆ ಬಾಯಿಪಾಠವಾಗಿತ್ತು. ಸತ್ತ ಹೆಂಡತಿಯ ಕನ್ನಡಕ ಹಾಕಿಕೊಂಡು, ನೀರು ಕುಡಿದಾಗಲೆಲ್ಲ ಒಂದು ಹಾಳೆ ತಿರುವುತ್ತಿದ್ದ. ಆ ಕನ್ನಡಕದಲ್ಲಿ ಎದುರಿಗೆ ನಿಂತ ಹಸುವೂ ಮೋಡದ ಹಾಗೆ ಕಾಣುತ್ತಿತ್ತು.

ಹೊತ್ತಾಯಿತೆಂದು ಅವಸರದಲ್ಲಿ ಗೂಡಿನಲ್ಲಿ ಮೇಲಿದ್ದ ಚಾಮುಂಡಿಯನ್ನು ಎತ್ತಿಕೊಂಡು ಬಂದಿದ್ದ. ಸೊಸೆ, ಮೊಮ್ಮಗಳೂ ಬಂದು ಕೂತರು. ಸಿಂಚನ ಪುಸ್ತಕದ ದಪ್ಪ ನೋಡಿದ್ದೇ ತಡ, ಬಿಸಿ ಬೋಂಡ ನುಂಗಿದವಳಂತಾದಳು.

“ಆಗ ಅಸುರನು ಕೋಣನ ರೂಪ ತಾಳಿ, ಕೊಂಬು ಮಸೆಯುತ್ತಾ ಬಂದನು...” ಪುಟ್ಟಣ್ಣ ರಾಗ ತೆಗೆದ. ಹಾಳೆ ತಿರುವಿದ.

ಪಕ್ಕದಲ್ಲಿದ್ದ ಶಿವಪ್ರಕಾಶರು ಕೊಕ್ಕರೆಯಂತೆ ಕತ್ತು ಚಾಚಿದರು. “ಪುಟ್ಟಣ್ಣನೋರೇ, ಸ್ವಲ್ಪ ನಿಲ್ಸಿ. ನೀವು ಕೋಣ ಅಂತಿದ್ದೀರಿ, ಇಲ್ಲಿ ಯೂನಿಫಾರಂ ಹಾಕ್ಕೊಂಡು ಮೊಬೈಲ್ ಹಿಡ್ಕೊಂಡಿರೋ ಹುಡ್ಗಿ ಚಿತ್ರ ಇದೆಯಲ್ಲ!”

ಜಗಲಿಯೆಲ್ಲ ಗುಜುಗುಜು. ಪುಟ್ಟಣ್ಣನಿಗೆ ಬೆವರು ಕಿತ್ತುಕೊಂಡಿತು. “ತಾಯಿ ಯಾವ ರೂಪದಲ್ಲಾದ್ರೂ ಬರ್ತಾಳೆ, ಸ್ವಾಮಿ.”

“ಬರ್ಲಿ, ಬರ್ಲಿ. ಏನ್ಮಾಡ್ತಾಳೆ ನೋಡೋಣ,” ಎಂದು ಶಿವಪ್ರಕಾಶರು ಪುಸ್ತಕ ಕಸಿದು, ಮಾನ ಕಳೆಯಲೆಂದೇ ಗಟ್ಟಿಯಾಗಿ ಓದಿದರು: “ವರ್ಷಿಣಿಯ ಮುಖವನ್ನು ಯಾರೋ ಸಿನಿಮಾ ನಟಿಯ ಮೈಗೆ ಅಂಟಿಸಿದ್ದರು. ಊಟದ ಬೆಲ್ಲು ಹೊಡೆಯುವಷ್ಟರಲ್ಲಿ ಆ ಫೋಟೊ ಇಡೀ ಶಾಲೆ ಸುತ್ತಿತ್ತು. ಸಂಜೆ ಅಪ್ಪ, ಇನ್ನು ನೀನು ಶಾಲೆಗೆ ಹೋಗುವುದು ಬೇಡ ಎಂದುಬಿಟ್ಟ.”

ಅವರು ವಿಜಯದ ನಗೆ ನಕ್ಕು ಸುತ್ತ ನೋಡಿದರು. ಯಾರೂ ನಗಲಿಲ್ಲ.

“ಅಯ್ಯೋ, ತಪ್ಪು ಮಾಡಿದ್ದು ಯಾರೋ, ಶಾಲೆ ಬುಡ್ಸೋದು ಇವಳನ್ನಾ?” ಎಂದಳು ಒಬ್ಬಳು.

“ಆ ಅಪ್ಪನ ಬಾಯಿಗೆ ಕೆಂಡ ಹಾಕ,” ಎಂದಳು ಇನ್ನೊಬ್ಬಳು.

“ಆಮೇಲೆ?” ಎಂದರು ಮಹದೇವಮ್ಮ.

“ಏನು ಆಮೇಲೆ? ದೇವಿ ಕತೆ ಅಂತ ಹೇಳಿ ಇವರು...”

“ಅದು ಇರ್ಲಿ ಕಣ್ರೀ. ಆ ಮಗೂಗೆ ಆಮೇಲೆ ಏನಾಯ್ತು?”

ಅಷ್ಟರಲ್ಲಿ ಪವಿತ್ರ ಎದ್ದು ನಿಂತು ಮಗಳನ್ನೇ ದುರುಗುಟ್ಟಿ ನೋಡಿದಳು. “ಯಾರದೇ ಆ ಪುಸ್ತಕ?”

ಸಿಂಚನಳ ಕಣ್ಣು ತುಂಬಿದ್ದು ಆ ಮೋಡದ ಕನ್ನಡಕದಲ್ಲೂ ಪುಟ್ಟಣ್ಣನಿಗೆ ಕಂಡುಬಿಟ್ಟಿತು. “ನಂದೇ ಕಣಮ್ಮ,” ಎಂದುಬಿಟ್ಟ. “ದೇವಿ ಕತೆ ನಂಗೆ ಬಾಯಿಗೇ ಬರುತ್ತಲ್ಲ, ಅದಕ್ಕೆ ಪುಸ್ತಕ ಯಾಕೆ? ಇದನ್ನ ಓದಿದ್ದೆ. ನಿಮಗೂ ಹೇಳೋಣ ಅಂತ ತಂದೆ.”

“ನೋಡಿ, ಬಾಯಿಗೇ ಬರುತ್ತಂತೆ!” ಹೆಂಗಸರು ಬೆರಗಾದರು. ಶಿವಪ್ರಕಾಶರ ಮುಖ ಹಳಸಿದ ಉಪ್ಪಿಟ್ಟಿನಂತಾಯಿತು.

ಅವರೂ ಬಿಡುವ ಆಸಾಮಿಯಲ್ಲ. “ಓದಿದ್ದೀರಾ? ಹಂಗಾದ್ರೆ ಕೊನೇಲಿ ಏನಾಯ್ತು ಹೇಳಿ ನೋಡೋಣ.”

ಪುಟ್ಟಣ್ಣ ಗಂಟಲು ಸರಿಮಾಡಿಕೊಂಡ. ಅವನಿಗೆ ಗೊತ್ತಿದ್ದದ್ದು ಒಂದೇ ಕೊನೆ. “ಆ ವರ್ಷಿಣಿ ಕಣ್ಣು ಕೆಂಪಗೆ ಮಾಡ್ಕೊಂಡು ಶಾಲೆಗೆ ನುಗ್ಗಿದ್ಲು. ಕೈಗೆ ಸಿಕ್ಕಿದ ಕಂಪಾಸು ಎತ್ತಿ, ಫೋಟೊ ಕಳಿಸಿದ ಹುಡುಗನ ಎದೆ ಮೇಲೆ ಕಾಲಿಟ್ಟು...”

“ಅಯ್ಯೋ ಹಂಗಲ್ಲ ಮಾವ!” ಪವಿತ್ರ ತಡೆಯಲಾರದೆ ಕೂಗಿದಳು. “ಕಳ್ಸಿದ್ದು ಹುಡುಗ ಅಲ್ಲವೇ ಅಲ್ಲ, ಅವಳ ಜೀವದ ಗೆಳತಿ! ವರ್ಷಿಣಿ ಅಜ್ಜೀನ ಕರ್ಕೊಂಡು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತಾಳೆ, ಅಪ್ಪನೇ ಕೊನೇಲಿ ಶಾಲೆ ತನಕ ಬಂದು ಬಿಡ್ತಾನೆ...”

ಪವಿತ್ರ ನಾಲಿಗೆ ಕಚ್ಚಿಕೊಂಡಳು. ಇವಳು ಮಧ್ಯಾಹ್ನ ಹೊತ್ತು ದೇವರ ಗೂಡಿನ ಮುಂದೆ ಅಷ್ಟೊಂದು ಹೊತ್ತು ಕೂರುವುದು ಯಾವ ಭಕ್ತಿಗೆ ಎಂಬುದು ಮಾವನಿಗೂ ಮಗಳಿಗೂ ಒಟ್ಟಿಗೇ ಹೊಳೆಯಿತು.

“ಅಮ್ಮಾ, ನೀನೂ...” ಸಿಂಚನ ಬಾಯಿ ತೆರೆದಳು.

“ನಾನೆಲ್ಲಿ ಓದ್ಲಿ?” ಪವಿತ್ರ ಸೆರಗು ಸರಿಪಡಿಸಿಕೊಂಡಳು. “ಮಾವನೇ ದಿನಾ ಕೂತು ನಂಗೆ ಓದಿ ಹೇಳಿದ್ರು. ಕೊನೇದು ಮರ್ತಿದ್ದಾರೆ, ಪಾಪ, ವಯಸ್ಸಾಯ್ತಲ್ಲ.”

ಪುಟ್ಟಣ್ಣ ಹೌದೆಂದು ತಲೆಯಾಡಿಸಿದ. ಅಲ್ಲ ಎಂದರೆ ತನ್ನ ಬಣ್ಣವೇ ಬಯಲು.

“ಎಂಥಾ ಮಾವ ಕಣ್ರೀ! ಸೊಸೆಗೆ ಕಾದಂಬರಿ ಓದಿ ಹೇಳೋರು ಈ ಅಗ್ರಹಾರದಲ್ಲಿ ಯಾರಿದ್ದಾರೆ?” ಮಹದೇವಮ್ಮ ಜರಿ ಶಾಲು ತಂದು ಹೊದಿಸಿದರು. ಚಪ್ಪಾಳೆ ಬಿತ್ತು. ಪುಟ್ಟಣ್ಣ ಕೊಬ್ಬರಿ ಸಿಕ್ಕಿದ ಇಲಿಯಂತೆ ಹಿಗ್ಗಿದ. ಬೋನಿನ ಬಾಗಿಲು ಬಿದ್ದದ್ದು ಆಮೇಲೆ.

“ಹಂಗಾದ್ರೆ ಶ್ರಾವಣದಲ್ಲೂ ಸೇರೋಣ. ಮುಂದಿನ ಶುಕ್ರವಾರದಿಂದ ಇದೇ ಪುಸ್ತಕ, ಮೊದಲನೇ ಪುಟದಿಂದ. ಒಂದಕ್ಷರ ಬಿಡೋ ಹಂಗಿಲ್ಲ. ಶಿವಪ್ರಕಾಶಣ್ಣ, ನೀವು ಪಕ್ಕದಲ್ಲೇ ಕೂತು ನೋಡ್ಕೊಳ್ಳಿ.”

“ಧಾರಾಳವಾಗಿ,” ಎಂದರು ಶಿವಪ್ರಕಾಶರು. ಉಪ್ಪಿಟ್ಟಿಗೆ ಮತ್ತೆ ಒಗ್ಗರಣೆ ಬಿದ್ದಿತ್ತು.

ಮನೆಗೆ ಬಂದವನೇ ಪುಟ್ಟಣ್ಣ ಶಾಲು ಸಮೇತ ಮೊಮ್ಮಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. “ನಿನ್ನ ಉಳಿಸೋಕೆ ಹೋಗಿ ಹಿಂಗಾಯ್ತು. ನೀನೇ ಕಾಪಾಡಬೇಕು ಕಣವ್ವ. ಶುಕ್ರವಾರದೊಳಗೆ ಓದೋದು ಕಲಿಸ್ಬುಡು.”

ಅಡುಗೆಮನೆಯಿಂದ ಪವಿತ್ರಳ ದನಿ ಬಂತು: “ಮೊದ್ಲು ಗಣಿತ ಮುಗಿಸ್ಲಿ, ಆಮೇಲೆ ನಿಮ್ಮ ಪಾಠ!”

ಸಿಂಚನ ಗಣಿತದ ಪುಸ್ತಕ ಮಡಿಚಿ, ತಾತನ ಮೂಗಿನ ಮೇಲಿನ ಕನ್ನಡಕಕ್ಕೆ ಮೆಲ್ಲಗೆ ಕೈ ಹಾಕಿದಳು.

“ಮೊದ್ಲು ಇದನ್ನ ತೆಗಿ ತಾತ. ಆಮೇಲಾದ್ರೂ ಅಕ್ಷರ ಕಾಣ್ಲಿ.”