ಹಾಡಿಗೊಂದು ಮುಖ

ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಹುಣಸೆಮರದ ಕೊಂಬೆಗೆ ಕಟ್ಟಿದ ಮೈಕು ಒಂದು ಸಲ ಕೆಮ್ಮಿ, ಕೊರ್ರೆಂದು, ಆಮೇಲೆ ಹಾಡತೊಡಗಿತು. ಪಕ್ಕದ ಬೀದಿಯಲ್ಲಿ ಮದುವೆ. ಹೆಣ್ಣಿಗೆ ಅರಿಶಿನ ಹಚ್ಚುವ ಹಾಡು. ಕೊಳಾಯಿಯ ಮುಂದೆ ಕೊಡ ಇಟ್ಟು ನಿಂತಿದ್ದ ಶಶಿಕಲಾಗೆ ಆ ದನಿ ಯಾರದೆಂದು ಮೊದಲ ಸೊಲ್ಲಿಗೇ ಗೊತ್ತಾಯಿತು. ಅವಳ ಅತ್ತೆ ದೊಡ್ಡಕ್ಕನದು. ಗಂಟಲು ಕೆಡುವ ಮುಂಚಿನ ದನಿ, ಹೊಸ ಹಗ್ಗದ ಹಾಗೆ ಎಲ್ಲೂ ಎಳೆ ಬಿಡದ್ದು.

ಹಿಂದೆ ನಿಂತಿದ್ದ ನೆರೆಮನೆಯ ಸೆಲ್ವಿ ಹಾಡಿಗೆ ತಲೆದೂಗಿ, "ಮುನಿಲಕ್ಷ್ಮಿ ಪಾಟು ಅಂದ್ರೆ ಪಾಟು ಕಣಕ್ಕ" ಅಂದಳು.

ಶಶಿಕಲಾಳ ಕೊಡ ತುಂಬಿ ಹರಿಯುತ್ತಿದ್ದುದು ಅವಳಿಗೆ ಕಾಣಲಿಲ್ಲ.

ಮುನಿಲಕ್ಷ್ಮಿ ಎಂದರೆ ದೊಡ್ಡಕ್ಕನ ವಾರಗಿತ್ತಿ. ಒಂದೇ ಅಂಗಳದ ಆಚೆ ಮನೆ. ತಮಿಳು ಸೀಮೆಯ ಮೇಚೇರಿ ಸುತ್ತಿನ ಹಳ್ಳಿಗಳ ಮದುವೆಗಳಲ್ಲಿ ದೊಡ್ಡಕ್ಕ ಸೊಲ್ಲು ಎತ್ತಿದರೆ, ಅದರ ಕೊನೆಯನ್ನು ಹಿಡಿದು ಎಳೆಯುವುದು ಮುನಿಲಕ್ಷ್ಮಿಯ ಕೆಲಸ. ಆ ಹಾಡುಗಳನ್ನೆಲ್ಲ ದೊಡ್ಡಕ್ಕನ ಮಗ, ಶಶಿಕಲಾಳ ಗಂಡ ವೇಣು ಹಿಂದೊಮ್ಮೆ ಫೋನಿನಲ್ಲಿ ಹಿಡಿದಿಟ್ಟಿದ್ದ. ಅವನಿಂದ ಮೈಕ್ ಸೆಟ್ಟಿನ ಚಿಕ್ಕಣ್ಣನಿಗೆ ಹೋದವು, ಚಿಕ್ಕಣ್ಣನಿಂದ ಊರೂರಿಗೆ. ಅಷ್ಟರಲ್ಲಿ ಒಂದು ಜ್ವರ ಬಂದು ದೊಡ್ಡಕ್ಕನ ದನಿಯನ್ನು ತೆಗೆದುಕೊಂಡು ಹೋಯಿತು. ಈಗ ಹಾಡು ಎಲ್ಲಿ ಮೊಳಗಿದರೂ ಮುನಿಲಕ್ಷ್ಮಿ ಮುಂದೆ ಕೂತು ತುಟಿ ಅಲ್ಲಾಡಿಸುತ್ತಾಳೆ. (ಸುಳ್ಳು ಹೇಳಿದಳೆಂದು ಯಾರೂ ಹಿಡಿಯಲಾರರು. ತುಟಿ ಅಲ್ಲಾಡಿಸುವುದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ.)

ದೊಡ್ಡಕ್ಕ ಮರದಿಂದ ತನ್ನ ಹಾಡು ಕೇಳಿದಾಗೆಲ್ಲ ಒಳಗೆ ಹೋಗಿ, ಕೇರಿದ ರಾಗಿಯನ್ನೇ ಮತ್ತೆ ಮೊರಕ್ಕೆ ಹಾಕಿಕೊಂಡು ಕೇರುತ್ತಿದ್ದಳು. ಆವತ್ತೂ ಕೇರುತ್ತಿದ್ದಳು. ನೀರು ತಂದ ಶಶಿಕಲಾ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಕೊಡ ಇಳಿಸುವಷ್ಟರಲ್ಲಿ, ಹಾಡು ಅತ್ತೆಯದೆಂದು ಊರಿಗೆಲ್ಲ ತಿಳಿಸಿಯೇ ತೀರುವ ಘನಘೋರ ಪ್ರತಿಜ್ಞೆಯೊಂದು ಆಗಿಹೋಗಿತ್ತು.

ವೇಣುವಿನ ಫೋನಿನಲ್ಲಿ ಹಾಡುಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಪ್ರತಿ ನಂಬರಿನ ಪಕ್ಕ, ಚಿತ್ರಕ್ಕೆಂದು ಬಿಟ್ಟ ಬೂದು ಬಣ್ಣದ ಖಾಲಿ ಚೌಕ. ಶಶಿಕಲಾ ಮೊದಲು ಕನ್ನಡದಲ್ಲಿ ಅತ್ತೆಯ ಹೆಸರು ತುಂಬಿ ಕಳಿಸಿದಳು. ಚಿಕ್ಕಣ್ಣನ ಹಾಡಿನ ಪೆಟ್ಟಿಗೆಗೆ ಕನ್ನಡ ಬಾರದು. ಅಕ್ಷರಕ್ಕೊಂದು ಡಬ್ಬಿ ತೋರಿಸಿತು. ತಮಿಳಿನಲ್ಲಿ ತುಂಬಿದಳು. ಚಿಕ್ಕಣ್ಣ ತಲೆ ಕೆರೆದುಕೊಂಡು, ಹೆಸರು ಯಾರೂ ಓದುವುದಿಲ್ಲವೆಂದೂ, ಮಂಟಪದಲ್ಲಿ ಈಗ ಗೋಡೆಯಷ್ಟು ದೊಡ್ಡ ಸ್ಕ್ರೀನ್ ಹಾಕುತ್ತಿರುವುದಾಗಿಯೂ, ಹಾಡಿನ ಚೌಕದಲ್ಲಿ ಏನಿರುತ್ತದೋ ಅದೇ ಅಲ್ಲಿ ಬರುವುದಾಗಿಯೂ ತಿಳಿಸಿದ.

"ಮೊಗ ಆಕ್ಕೊಡಮ್ಮ. ಊರೇ ನೋಡ್ತೈತೆ."

ಮುಖವೇನೋ ಮನೆಯಲ್ಲೇ ಇತ್ತು. ಅದು ಒಪ್ಪಬೇಕಿತ್ತು.

"ವಯಸ್ಸಾದೋರ್ನ ಒಬ್ರುನ್ನೇ ಪೋಟೋ ಇಡಿಯೋದು ಯಾತಕ್ಕೆ ಅಂತ ನಂಗೊತ್ತಿಲ್ವಾ?" ಅಂದಳು ದೊಡ್ಡಕ್ಕ. "ಬಸ್‌ಸ್ಟಾಂಡ್ ಗೋಡೆ ಪೂರಾ ಅವೇ ಅಂಟ್ಸವ್ರೆ. ಮೇಲೆ ಎರಡು ಹೂವ, ಕೆಳಗೆ ಸತ್ತ ತಾರೀಕು."

ಪಕ್ಕದಲ್ಲಿ ಯಾರಾದರೂ ಇದ್ದರೆ ಮಾತ್ರ ಕೂರುವುದಾಗಿ ಹಟ ಹಿಡಿದಳು. ವೇಣು ಗಡ್ಡ ಬೋಳಿಸಿಲ್ಲವೆಂದು ಜಾರಿಕೊಂಡ. ಶಶಿಕಲಾಳೇ ಪಕ್ಕ ಕೂತು ಕೈ ಚಾಚಿ ತೆಗೆದರೆ, ಅತ್ತೆಯ ಮೂಗು ಬಂತು, ಅತ್ತೆ ಬರಲಿಲ್ಲ. ಮುನಿಲಕ್ಷ್ಮಿಯನ್ನು ಕರೆಯೋಣವೇ ಎಂದು ಬಾಯಿ ತೆರೆದ ಸೊಸೆ, ಅತ್ತೆಯ ಕಣ್ಣು ನೋಡಿ ಬಾಯಿ ಮುಚ್ಚಿದಳು. ಕೊನೆಗೆ ದೊಡ್ಡಕ್ಕನೇ ಹಟ ಸಡಿಲಿಸಿದಳು. ಉಸಿರಾಡುವ ಯಾವುದಾದರೂ ಒಂದು ಜೀವ ಪಕ್ಕದಲ್ಲಿದ್ದರೆ ಸಾಕು.

ಅಂಗಳದಲ್ಲಿ ಕಂದು ಬಣ್ಣದ ಟಗರುಮರಿಯೊಂದು ಬೇವಿನ ಸೊಪ್ಪು ಮೇಯುತ್ತಿತ್ತು. ಉಸಿರಾಡುತ್ತಲೂ ಇತ್ತು. ಶಶಿಕಲಾ ಅದನ್ನೇ ಎತ್ತಿ ತಂದು ಅತ್ತೆಯ ಪಕ್ಕ ನಿಲ್ಲಿಸಿದಳು. ಕನ್ನಡಕದ ಗಾಜಿಗೆ ಬಿಸಿಲು ಹೊಡೆಯುತ್ತದೆಂದು ಅದನ್ನೂ ತೆಗೆಸಿದಳು. (ಕನ್ನಡಕವಿಲ್ಲದ ದೊಡ್ಡಕ್ಕನಿಗೆ ಮರಿಯೂ ಒಂದೇ, ಮಂಚವೂ ಒಂದೇ.) ಮರಿ ಒಂದು ಗಳಿಗೆ ಅಲ್ಲಾಡದೆ ನಿಂತಿತು. ಆ ಗಳಿಗೆಯಲ್ಲಿ ಫೋಟೋ ಆಯಿತು.

ಸಂಜೆಯೆಲ್ಲ ಕೂತು ಒಂದೊಂದೇ ಹಾಡಿಗೆ ಅದನ್ನು ಅಂಟಿಸಿದಳು. ವೇಣು ತಟ್ಟೆಯ ಮುಂದೆ ಕೂತು ಗೊಣಗಿದ.

"ಸಾರಿಗೆ ಉಪ್ಪೇ ಬಿದ್ದಿಲ್ಲ ಕಣೆ."

"ಡಬ್ಬಿ ಅಲ್ಲೇ ಐತಲ್ಲ, ಆಕ್ಕಳಿ. ನಾನೀಗ ಸೋಬಾನೆ ಪದದಲ್ಲಿದ್ದೀನಿ."

ಬೂದು ಚೌಕಗಳೆಲ್ಲ ಒಂದೊಂದಾಗಿ ಕಂದು ಬಣ್ಣಕ್ಕೆ ತಿರುಗಿದವು. ಅತ್ತೆ ಉಟ್ಟಿದ್ದ ಸೀರೆಯೂ ಕಂದು. ಉಗುರಿನಷ್ಟು ಚಿತ್ರದಲ್ಲಿ ಇನ್ನೇನು ಕಾಣಬೇಕು? ಹೊಸದಾಗಿ ಸುಣ್ಣ ಬಳಿದ ಮನೆಗಳ ಬೀದಿಯನ್ನು ನೋಡುವ ಹಾಗೆ ಶಶಿಕಲಾ ಆ ಸಾಲನ್ನು ನೋಡುತ್ತ ಕೂತಳು.

ಮುಂದಿನ ಮುಹೂರ್ತಕ್ಕೆ ಮೇಚೇರಿಯ ಮಂಟಪದಲ್ಲಿ ನೆಂಟರ ಮದುವೆ ಇತ್ತು. ಅತ್ತೆಗೆ ಹೊಸ ಸೀರೆ ಉಡಿಸಿ, ಕನ್ನಡಕ ಒರೆಸಿ ಹಾಕಿ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. ಎರಡು ಕುರ್ಚಿ ಆಚೆ ಮುನಿಲಕ್ಷ್ಮಿ ತುಟಿಯನ್ನು ಸಜ್ಜು ಮಾಡಿಕೊಂಡು ಕೂತಿದ್ದಳು. ಚಿಕ್ಕಣ್ಣ ಗುಂಡಿ ಒತ್ತಿದ. ಹಾಡು ಎದ್ದಿತು. ಗೋಡೆ ಬೆಳಗಿತು.

ಗೋಡೆಯ ತುಂಬ ಟಗರುಮರಿ.

ಅಡ್ಡವಾಗಿ ತೆಗೆದ ಫೋಟೋವನ್ನು ಯಂತ್ರ ಚೌಕಕ್ಕೆ ಕೂರಿಸಲು ಎರಡು ಕಡೆಯೂ ಕತ್ತರಿಸಿ, ನಡುವೆ ಇದ್ದದ್ದನ್ನು ಉಳಿಸಿಕೊಂಡಿತ್ತು. ನಡುವೆ ಇದ್ದದ್ದು ಮರಿ. ಬಾಯಲ್ಲಿ ಬೇವಿನ ಎಲೆ. ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ. ಜನ ನಕ್ಕರು. ಮದುಮಗನೂ ತಿರುಗಿ ನೋಡಿ ನಕ್ಕ.

ಅಷ್ಟಕ್ಕೇ ನಿಂತಿದ್ದರೆ ಶಶಿಕಲಾ ತಡೆದುಕೊಳ್ಳುತ್ತಿದ್ದಳು. ಆದರೆ ಹಿಂದಿನ ಸಾಲಿನಿಂದ ಮುದುಕ ಚಿಕ್ಕಮುನಿಯಪ್ಪ ಎದ್ದು, ಹಣೆಗೆ ಕೈ ಅಡ್ಡ ಹಿಡಿದು, ಚಿತ್ರವನ್ನು ಗಂಭೀರವಾಗಿ ಪರಿಶೀಲಿಸಿದ.

"ಎಡಗಿವಿ ಕಚ್ಚು ನೋಡ್ರಲಾ. ನಮ್ ಮುನಿಲಕ್ಷ್ಮಿ ಮನೆ ಮರಿ ಅಲ್ವಾ ಇದು?"

ಕುರಿ ಸಾಕುವ ಆ ಸೀಮೆಯಲ್ಲಿ ಮನೆಗೊಂದು ಕಿವಿಗುರುತು. ಮನುಷ್ಯರ ಮುಖ ಮರೆತವರುಂಟು, ಕಿವಿ ಮರೆತವರಿಲ್ಲ. ಸಂತೆಯಲ್ಲಿ ಜಗಳ ಬಿದ್ದರೆ ಕಿವಿ ಹೇಳಿದ್ದೇ ತೀರ್ಪು. ದೊಡ್ಡಕ್ಕನ ಮನೆಯದು ಬಲಗಿವಿಯ ತುದಿ ಸೀಳು, ಮುನಿಲಕ್ಷ್ಮಿಯದು ಎಡಗಿವಿಯ ಕಚ್ಚು. ಶಶಿಕಲಾಳ ತವರಿನವರು ಪಾಪಿರೆಡ್ಡಿಪಟ್ಟಿಯಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಅವಳಿಗೆ ಕಿವಿ ಎಂದರೆ ಕಿವಿ. ಮಂಟಪಕ್ಕೆ ಮಂಟಪವೇ ತಲೆಯಾಡಿಸಿತು. ಮರಿ ಮುನಿಲಕ್ಷ್ಮಿಯದು, ಆದ್ದರಿಂದ ಹಾಡೂ ಮುನಿಲಕ್ಷ್ಮಿಯದು. ಇಷ್ಟು ದಿನ ಬರೀ ಬಾಯಿಮಾತಾಗಿದ್ದದ್ದಕ್ಕೆ ಸೊಸೆ ತನ್ನ ಕೈಯಾರೆ ಮೊಹರು ಒತ್ತಿಕೊಟ್ಟಿದ್ದಳು.

ದೊಡ್ಡಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಸ್ಸಿನಲ್ಲಿ ಊರು ಬರುವವರೆಗೂ ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ಮಾರನೆ ಬೆಳಗ್ಗೆ ಮುನಿಲಕ್ಷ್ಮಿ ಬಾಗಿಲಿಗೆ ಬಂದಳು. ಗೆದ್ದವಳ ಮುಖವಲ್ಲ, ಜ್ವರ ಬಂದವಳ ಮುಖ. ಗಂಡಿನ ಕಡೆಯವರು ಮೆಚ್ಚಿಕೊಂಡು, ತಮ್ಮ ಮಗಳ ಮದುವೆಗೆ ಹಾಡಲು ಅವಳನ್ನೇ ವೀಳ್ಯ ಕೊಟ್ಟು ಕರೆದಿದ್ದರು. ಪೆಟ್ಟಿಗೆಯ ಹಾಡು ಬೇಡ, ಎದುರಿಗೆ ಕೂತು ಹಾಡಬೇಕು. ಅಷ್ಟು ಜನರ ಮುಂದೆ ಒಲ್ಲೆನೆನ್ನಲು ನಾಲಿಗೆ ಬರದೆ ವೀಳ್ಯ ತೆಗೆದುಕೊಂಡುಬಿಟ್ಟಿದ್ದಳು.

"ಅಕ್ಕ, ನಂಗೆ ಬರೋದು ಬಾಲ ಅಷ್ಟೇ," ಅಂದಳು. "ತಲೆ ಎಲ್ಲ ನಿನ್ತಾವ ಐತೆ."

ದೊಡ್ಡಕ್ಕ ಅವಳನ್ನು ಸಾಕಷ್ಟು ಹೊತ್ತು ನಿಲ್ಲಿಸಿದಳು. ಆಮೇಲೆ ನೆಲ ತೋರಿಸಿದಳು. "ಕೂತ್ಕ."

ಒಡಕು ದನಿಯಲ್ಲಿ ಮೊದಲ ಸೊಲ್ಲು ಬಂತು. ಮುನಿಲಕ್ಷ್ಮಿ ಹೇಳಿದಳು. ತಪ್ಪಿತು. "ಇನ್ನೊಂದ್ ಕಿತ" ಅಂದಳು ದೊಡ್ಡಕ್ಕ. ಮತ್ತೆ ತಪ್ಪಿತು. ದೊಡ್ಡಕ್ಕನ ಮುಖ ಬಿಸಿಲು ಬಿದ್ದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತ ಬಂತು. ತಾನು ಚೌಕದೊಳಗೆ ಕೂರಿಸಬೇಕೆಂದಿದ್ದ ಮುಖ ಇದೇ ಎಂದು ಶಶಿಕಲಾಗೆ ಅನಿಸಿತು. ಫೋನು ಹಿಡಿದು ಓಡಿಬಂದು, ಈಗಲೇ ಇಬ್ಬರದೂ ತೆಗೆದು ಎಲ್ಲ ಹಾಡಿಗೂ ಬದಲಾಯಿಸುತ್ತೇನೆಂದಳು.

"ಯಾತಕ್ಕೆ ಬದ್ಲಾಯ್ಸದು?" ಅಂದಳು ದೊಡ್ಡಕ್ಕ. "ಮರಿ ಚೆನ್ನಾಗೈತೆ, ಇರ್ಲಿ. ಅದು ಅಲ್ಲಿರೋ ಗಂಟ ಇವಳು ದಿನಾ ಬಂದು ನನ್ ಮುಂದೆ ಕೂರ್ತಾಳೆ. ನೀನೋಗಿ ಟೀ ಕಾಯ್ಸು, ಇಬ್ರುಗೂ."

ಟೀ ಒಲೆಯ ಮೇಲಿತ್ತು. ಶಶಿಕಲಾ ಹಾಲಿನ ಕಡೆ ನೋಡದೆ ಫೋನನ್ನೇ ತಿಕ್ಕುತ್ತಿದ್ದಳು. ಇನ್ನಾದರೂ ಬಿಟ್ಟುಬಿಡೆಂದು ವೇಣು ಮೆಲ್ಲಗೆ ಹೇಳಿ ನೋಡಿದ.

"ಬಿಡೋದೇನ್ರಿ, ಮರಿ ಇರ್ಲಿ, ಬೇಡ ಅಂದೋರ್ಯಾರು," ಅಂದಳು. "ಆ ಕೈ ಇದ್ದ ಕಡೆಯಿಂದ ಅತ್ತೆ ಮೊಗನ ಒಂಚೂರು ಒಳಕ್ಕೆ ಎಳ್ಕಂಡು, ಮರಿ ಎಡಗಿವಿ ಮೇಲೆ ಒಂದು ಹೂವ ಇಟ್ಬುಟ್ರೆ, ಆವಾಗ ಯಾವ ಚಿಕ್ಕಮುನಿಯಪ್ಪ ಬಂದ್ರೂ" ಎನ್ನುತ್ತ, ಬೆಳಕು ಚೆನ್ನಾಗಿರುವ ಕಡೆ ಹುಡುಕಿಕೊಂಡು ಅಂಗಳಕ್ಕೆ ನಡೆದೇಬಿಟ್ಟಳು.